ಪೈಪಿಗೆ ಕಟ್ಟಿದ ಮುಡಿಪು

ಕೊಳ್ಳೇಗಾಲ
೧೭-೧-೧೯೬೯, ಶುಕ್ರವಾರ

ಚಿ. ಸೌ. ಪುಟ್ಟಮಲ್ಲಮ್ಮನಿಗೆ ನಿನ್ನ ತಂದೆ ಕೆಂಪನಂಜಪ್ಪ ಮಾಡುವ ಆಶೀರ್ವಾದ.

ಈಗ ಸಂಜೆ ಐದು ಗಂಟೆ ಹತ್ತು ನಿಮಿಷ. ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಗದದ ಮೂಲೆಯಲ್ಲಿ ಕಪ್ಪು ಬೆರಳಿನ ಗುರುತು ಇದೆ, ಅದು ಶಾಯಿ ಅಲ್ಲ, ಗ್ರೀಸು. ಎರಡು ಸಲ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಗಾಡಿಯ ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡಿದ್ದೆ. ನಾಲ್ಕು ಗಂಟೆಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಸುದ್ದಿ ಹೇಳೋಣವೆಂದು ಅಡಿಗೆಮನೆಯ ಬಾಗಿಲವರೆಗೂ ಹೋದೆ. ಅಲ್ಲಿ ಯಾರೂ ಇಲ್ಲವೆಂಬುದು ಬಾಗಿಲಿಗೆ ಹೋದ ಮೇಲೆ ನೆನಪಾಯಿತು. ಹಾಗೇ ಹಿಂದಕ್ಕೆ ಬಂದು ಕೂತೆ.

ಕಾಗದ ತಡವಾಯಿತು. ಕೌದಳ್ಳಿಯ ರೈತರಿಗೆ ಬರೆಯುವಾಗ 'ಕೆಲಸದ ಒತ್ತಡದಿಂದ ತಡವಾಯಿತು, ಕ್ಷಮಿಸಬೇಕು' ಎಂದು ಬರೆಯುತ್ತೇನೆ. ಆರು ವರ್ಷದ ತಡಕ್ಕೆ ಆ ಮಾತು ಸಾಲದು. ನೀನೂ, ಷಡಕ್ಷರಿ ಮೇಷ್ಟ್ರೂ, ಮಗುವೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮಗುವಿಗೆ ಬಸಮ್ಮ ಎಂದು ನಿನ್ನವ್ವನ ಹೆಸರನ್ನೇ ಇಟ್ಟಿದ್ದೀಯೆಂದು ನಿನ್ನ ದೊಡ್ಡವ್ವ ಹೇಳಿದಳು. ನಿನ್ನವ್ವನನ್ನು ಮಣ್ಣು ಮಾಡಿದ ದಿನ ಮಗು ನಿನ್ನ ಸೊಂಟದ ಮೇಲಿದ್ದು ನನ್ನ ರುಮಾಲನ್ನೇ ನೋಡುತ್ತಿತ್ತು. ನಾನು ಮುಖ ಆ ಕಡೆ ಮಾಡಿದೆ. ಸಂಕ್ರಾಂತಿಗೆ ಈ ಸಲ ಎಳ್ಳು ಬೀರಲಿಲ್ಲ. ವರ್ಷ ತುಂಬುವ ತನಕ ನಮಗೆ ಹಬ್ಬವಿಲ್ಲವಲ್ಲ.

ಇವತ್ತು ಬರೆಯಬೇಕೆಂದು ಅನ್ನಿಸಿದ್ದು ಗಾಡಿಯಿಂದ. ಅದರ ಕಥೆಯನ್ನೇ ಮೊದಲು ಹೇಳುತ್ತೇನೆ. ಬೇರೆ ಯಾವ ಕಡೆಯಿಂದ ಶುರುಮಾಡಿದರೂ ಕೈ ನಿಂತುಬಿಡುತ್ತದೆ. ನಾಲ್ಕು ಹಾಳೆ ಹರಿದು ಹಾಕಿದ್ದಾಯಿತು.

ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದವರು ಹರಾಜು ಹಾಕಿದ ಅಮೆರಿಕದ ಪಿಕಪ್ಪು ಅದು. ನೀನು ಮನೆ ಬಿಟ್ಟ ಮೇಲಿನ ತಿಂಗಳು ಬಂದದ್ದು. ನೀನು ಅದರಲ್ಲಿ ಒಂದು ದಿನವೂ ಕೂತಿಲ್ಲ. ಹನೂರು, ಕೌದಳ್ಳಿಯ ರೇಷ್ಮೆಗೂಡನ್ನು ಕೊಳ್ಳೇಗಾಲದ ಮಾರ್ಕೆಟ್ಟಿಗೆ ತರುವುದಕ್ಕೆ ಎತ್ತಿನ ಗಾಡಿ ಬಿಟ್ಟು ಇದನ್ನು ಕೊಂಡೆ. ಹಳೆಯದಾದರೂ ಆರು ವರ್ಷ ಕೈ ಕೊಡಲಿಲ್ಲ. ನಿನ್ನವ್ವ ಹೋದ ಮೇಲೆ ಕಾರ್ತಿಕದ ಕೊನೆಯಿಂದ ಅದಕ್ಕೆ ಕಾಯಿಲೆ ಹಿಡಿಯಿತು. ನಿಂತಲ್ಲೇ ಎಂಜಿನ್ನು ತಾನಾಗಿ ಜೋರಾಗಿ ಹಾರುತ್ತಿತ್ತು, ಮರುಗಳಿಗೆಯಲ್ಲಿ ಕುಸಿದು ಆರಿಹೋಗುತ್ತಿತ್ತು. ಏರು ಬಂದರೆ ಎಳೆತವೇ ಇಲ್ಲ. ಬಾನೆಟ್ಟಿನೊಳಗೆಲ್ಲೋ 'ಸ್ಸ್' ಎಂದು ಸಣ್ಣ ಶಬ್ದ, ಹಾವು ಕೂತ ಹಾಗೆ.

ಡಿಸೆಂಬರಿನಲ್ಲಿ ಒಂದು ದಿನ ಕೌದಳ್ಳಿ ಪುಟ್ಟಮಾದಪ್ಪನ ಗೂಡು ತುಂಬಿಕೊಂಡು ಬರುವಾಗ ಏರಿನಲ್ಲಿ ಮೂರು ಸಲ ನಿಂತಿತು. ಗೂಡು ಹೊತ್ತಿಗೆ ಸರಿಯಾಗಿ ಮಾರ್ಕೆಟ್ಟು ಸೇರದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಬರುತ್ತದೆ, ಆಮೇಲೆ ಆ ಗೂಡನ್ನು ಯಾರೂ ಮುಟ್ಟುವುದಿಲ್ಲ. ಪುಟ್ಟಮಾದಪ್ಪ ಮಂಕರಿ ಬುಟ್ಟಿಯ ಮೇಲೆ ಕೂತುಕೊಂಡೇ ಎಂದ:

"ನಂಜಪ್ಪಣ್ಣ, ನೀನೇನ್ ಬೇಜಾರ್ ಮಾಡ್ಕಬ್ಯಾಡ. ಇನ್ನೊಂದೆರಡ್ ದಿನ ಇಲ್ಲೇ ಇರ್ಮ. ಉಳವೆಲ್ಲ ರೆಕ್ಕೆ ಬಂದು ಆರ್ಕಂಡು ಅವೇ ಮಾರ್ಕೆಟ್ಗೆ ಓಯ್ತವೆ. ಪೆಟ್ರೋಲೂ ಮಿಗ್ತದೆ."

ನಾನು ನಗಲಿಲ್ಲ. ಅವನೇ ಇಳಿದು ಹಿಂದಿನಿಂದ ನೂಕಿದ. ಮುಂದಿನ ವಾರ ಅವನ ಗೂಡು ಬೇರೆಯವರ ಲಾರಿಯಲ್ಲಿ ಹೋಯಿತು.

ಮೆಕ್ಯಾನಿಕ್ ಚಿನ್ನಸ್ವಾಮಿಯನ್ನು ನೀನು ನೋಡಿಲ್ಲ. ತಾಳವಾಡಿ ಕಡೆಯವನು, ಅರ್ಧ ಕನ್ನಡ ಅರ್ಧ ತಮಿಳು, ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದಾನೆ. ಅವನು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ ಆ ಶಬ್ದ ಕೇಳಿದ.

"ಗಾಳಿ ಕುಡೀತಾ ಅದೆ ಸಾ."

"ಎಂಜಿನ್ನು ಗಾಳಿ ಕುಡೀದೆ ಇನ್ನೇನ್ ಕುಡೀತದಪ್ಪ?"

"ಬಾಯಲ್ಲಿ ಕುಡೀಬೇಕು ಸಾಮಿ, ಪಕ್ಕೇಲಿ ಕುಡೀಬಾರ್ದು. ನೀವು ಬೀಡಿ ಎಳೀವಾಗ ಬೀಡಿ ಎಲೇಲಿ ತೂತ ಇದ್ರೆ ಏನಾಯ್ತದೆ? ಎಷ್ಟ್ ಎಳದ್ರೂ ಒಗೆ ಬರಾಕಿಲ್ಲ, ಬರೀ ಗಾಳಿ. ಅಂಗೆ. ಎಲ್ಲೋ ಒಂದ್ ತೂತ ಅದೆ. ಅದ ಉಡುಕ್ಬೇಕು."

ಹುಡುಕಿದೆವು. ಒಂದೂವರೆ ತಿಂಗಳು. ಎಂಜಿನ್ನು ಓಡುತ್ತಿರುವಾಗ ಅವನು ಒಂದೊಂದು ಸಂದಿಗೂ ಹನಿಹನಿಯಾಗಿ ನೀರು ಬಿಡುವನು. ತೂತಿದ್ದ ಕಡೆ ನೀರು ಬಿದ್ದರೆ ಅದು ಒಳಕ್ಕೆ ಎಳೆದುಕೊಳ್ಳುತ್ತದೆ, ಶಬ್ದ ಒಂದು ಗಳಿಗೆ ಬದಲಾಗುತ್ತದೆ. ಕಾರ್ಬೊರೇಟರಿನ ಕೆಳಗೆ ಸಂಶಯ ಬಂತು. ನಮ್ಮ ಗೋಡೆಯ ಹೋದ ವರ್ಷದ ಕ್ಯಾಲೆಂಡರಿನ ರಟ್ಟನ್ನೇ ಕತ್ತರಿಸಿ ಸಂದಿ ಮುಚ್ಚುವ ಗ್ಯಾಸ್ಕೆಟ್ಟು ಮಾಡಿ ಕೂರಿಸಿದ. ಕತ್ತರಿಸುವ ಮೊದಲು ಕ್ಯಾಲೆಂಡರನ್ನು ತಿರುಗಿಸಿ ನೋಡಿದೆ. ಅಕ್ಟೋಬರಿನ ಹಾಳೆಯಲ್ಲಿ ನಿನ್ನವ್ವ ಹಾಲಿನ ಲೆಕ್ಕಕ್ಕೆ ಇಟ್ಟ ಗೀಟುಗಳು ಇಪ್ಪತ್ತೆರಡಕ್ಕೆ ನಿಂತಿದ್ದವು. ಆ ಹಾಳೆ ತೆಗೆದಿಟ್ಟುಕೊಂಡು ರಟ್ಟು ಕೊಟ್ಟೆ.

ಆಮೇಲೆ ಒಂದು ವಾಲ್ವು. ಎಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟುವ ಹೊಗೆಯನ್ನು ಹೊರಕ್ಕೆ ಬಿಡದೆ ಮತ್ತೆ ಅದರ ಬಾಯಿಗೇ ಕಳಿಸಿ ಸುಡಿಸುವ ಒಂದು ಹೆಬ್ಬೆರಳಿನಷ್ಟು ವಾಲ್ವು ಇರುತ್ತದಂತೆ. ಅದನ್ನು ಬಿಚ್ಚಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಕೇಳ್ತದಾ? ಗೆಜ್ಜೆ ತರ ಟಿಕ್ ಟಿಕ್ ಅನ್ಬೇಕು. ಇದು ಮೂಗಿ ಆಗ್ಬುಟ್ಟದೆ." ಒಳಗೆ ಎಣ್ಣೆಯ ಜಿಡ್ಡು ಕಟ್ಟಿ ತೆರೆದ ಬಾಯಿ ತೆರೆದ ಹಾಗೇ ಸಿಕ್ಕಿಕೊಂಡಿತ್ತು. ಪೆಟ್ರೋಲಿನಲ್ಲಿ ನೆನೆಸಿ, ಹಲ್ಲುಜ್ಜುವ ಬೇವಿನ ಕಡ್ಡಿಯಲ್ಲಿ ತಿಕ್ಕಿ, ಟಿಕ್ ಟಿಕ್ ಅನ್ನಿಸಿದ. ಎರಡು ದಿನ ಗಾಡಿ ಚೆನ್ನಾಗಿ ಓಡಿತು. ಮೂರನೇ ದಿನ ಹನೂರಿನ ದಾರಿಯಲ್ಲಿ ಮತ್ತೆ ಆ ಹಾವು ಬಂದು ಕೂತಿತು.

ಇಷ್ಟೆಲ್ಲ ಹುಡುಕಿದರೂ ನಾವಿಬ್ಬರೂ ಒಂದು ಜಾಗವನ್ನು ಮಾತ್ರ ಮುಟ್ಟಿರಲಿಲ್ಲ.

ಎಂಜಿನ್ನಿನಿಂದ ಗಾಜಿನ ವೈಪರಿಗೆ ಒಂದು ರಬ್ಬರ್ ಪೈಪು ಹೋಗುತ್ತದೆ. ಹಳೆಯ ಗಾಡಿಗಳಲ್ಲಿ ವೈಪರ್ ಆಡುವುದು ಕರೆಂಟಿನಿಂದಲ್ಲ, ಎಂಜಿನ್ನು ಎಳೆಯುವ ಗಾಳಿಯಿಂದಲೇ. ಆ ಪೈಪಿನ ಬುಡದ ಹತ್ತಿರ ನಿನ್ನವ್ವ ಬೆಟ್ಟದ ದೇವರು ಮಾದಪ್ಪನಿಗೆ ಹರಕೆಯ ಮುಡಿಪು ಕಟ್ಟಿದ್ದಳು. ಅರಿಸಿನದ ಬಟ್ಟೆಯಲ್ಲಿ ಒಂದು ಕಾಸು. ಗಾಡಿ ಮನೆಗೆ ಬಂದ ದಿನ ಬಾನೆಟ್ಟು ಎತ್ತಿಸಿ ತಾನೇ ಕಟ್ಟಿದಳು. ಪ್ರತಿ ಅಮಾವಾಸ್ಯೆಗೂ ಬಾನೆಟ್ಟು ಎತ್ತಿಸಿ, ಅರಿಸಿನ ಕುಂಕುಮ ಹಚ್ಚಿ, ಧೂಪ ಹಾಕುತ್ತಿದ್ದಳು. ಘಾಟಿ ರಸ್ತೆಯಲ್ಲಿ ಓಡಾಡುವ ನನ್ನ ಕ್ಷೇಮಕ್ಕೆ ಎಂದು ನಾನು ತಿಳಿದಿದ್ದೆ. ಯಾರಾದರೂ ಕೇಳಿದರೆ 'ನಮ್ಮೆಂಗ್ಸು ಕಟ್ಟವ್ಳೆ' ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಹರಕೆ ತೀರುವ ಮುಂಚೆ ಮುಡಿಪು ಬಿಚ್ಚುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಚಿನ್ನಸ್ವಾಮಿಯ ಕೈ ಸುತ್ತೆಲ್ಲ ಹೋಗಿ ಅದರ ಹತ್ತಿರ ಬಂದಾಗ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಅದರಿಂದಾಚೆ ವೈಪರಿನ ಕಡೆ ಪೈಪಿನ ಮೆತ್ತಗಿನ ಭಾಗವನ್ನು ಹಿಸುಕಿ ನೋಡಿದ, ಶಬ್ದ ನಿಲ್ಲಲಿಲ್ಲ. ಪೈಪು ಸರಿಯಿದೆ ಎಂದುಕೊಂಡ. ನಾನೂ ಹಾಗೇ ಅಂದುಕೊಂಡೆ.

ಮೊನ್ನೆ ಬುಧವಾರ ಅವನು ಮನೆಗೇ ಬಂದು ಎಂಜಿನ್ನು ಓಡಿಸಿಟ್ಟು ನೋಡುತ್ತಿದ್ದ. ನಾನು ದೇವರ ಮುಂದೆ ಧೂಪ ಹಾಕಿದವನು, ಗಾಡಿಗೂ ಹಿಡಿಯೋಣವೆಂದು ತಂದೆ. ನಿನ್ನವ್ವ ಹೋದ ಮೇಲೆ ಗಾಡಿಗೆ ಧೂಪ ಹಿಡಿದದ್ದು ಅದೇ ಮೊದಲು. ಅವಳು ಹಿಡಿಯುವಾಗ ಯಾವಾಗಲೂ ಎಂಜಿನ್ನು ನಿಂತಿರುತ್ತಿತ್ತು. ಅವತ್ತು ಓಡುತ್ತಿತ್ತು. ಹೊಗೆ ಮೇಲಕ್ಕೆ ಹೋಗಬೇಕಲ್ಲ ಮಗಳೆ, ಹೋಗಲಿಲ್ಲ. ಒಂದು ಎಳೆ ಬಾಗಿತು. ಬಾಗಿ ನೂಲಿನ ಹಾಗೆ ನೆಟ್ಟಗೆ ಹೋಗಿ ಆ ಅರಿಸಿನದ ಬಟ್ಟೆಯೊಳಕ್ಕೆ ಇಳಿಯಿತು.

ನಾನು ಕೈ ಆಚೆ ತೆಗೆದೆ. ಮತ್ತೆ ಹಿಡಿದೆ. ಮತ್ತೆ ಅಲ್ಲಿಗೇ ಹೋಯಿತು.

"ಪಾರುಂಗ, ನೋಡಿ ಸಾ," ಎಂದ ಚಿನ್ನಸ್ವಾಮಿ, ದನಿ ತಗ್ಗಿಸಿ. "ಅಮ್ಮಾರ ಗಂಟೊಳಕ್ಕೆ ಓಯ್ತಾ ಅದೆ."

ಧೂಪ ಕೆಳಗಿಟ್ಟೆ. ಆಮೇಲೆ ನಾನು "ಬಿಚ್ಚು" ಎಂದೆ.

"ನಾನ್ ಬಿಚ್ಚಾಕಿಲ್ಲ ಸಾಮಿ. ನಂಗೂ ಎಂಡ್ರು ಮಕ್ಳವ್ರೆ. ಕಟ್ದೋರು ಬಿಚ್ಬೇಕು, ಇಲ್ಲ ಯಾರಿಗೋಸ್ಕರ ಕಟ್ಟದೋ ಅವ್ರು ಬಿಚ್ಬೇಕು. ನಿಮಗೋಸ್ಕರ ಕಟ್ಟಿದ್ರೆ ನೀವೇ ಬಿಚ್ಚಿ."

ನಾನು ಗಂಟಿಗೆ ಕೈ ಹಾಕಿದೆ. ಹಾಕಿದವನು ತೆಗೆದೆ. ಆರು ವರ್ಷದಲ್ಲಿ ಆ ಹರಕೆ ಏನೆಂದು ನಾನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ.

ನಿನ್ನ ದೊಡ್ಡವ್ವ ದೊಡ್ಡಬಸಮ್ಮನ ಮನೆಗೆ ಹೋದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗೆ ಇಡಲಿಲ್ಲ.

"ಅಕ್ಕ, ಗಾಡಿಗೆ ಕಟ್ಟಿದ್ ಮುಡ್ಪು ಏನಕ್ಕೆ ಕಟ್ಟಿದ್ದು?"

"ಈಗ್ ಕೇಳಾಕ್ ಬಂದಾ? ಆರ್ ವರ್ಸ ಅದ್ರ ಇಂದ್ಗಡೆ ಕುಂತ್ಕಂಡ್ ಓಡಾಡ್ದೆ."

"ನನ್ ಕ್ಷೇಮಕ್ಕೆ ಅನ್ಕಂಡಿದ್ದೆ."

ಅವಳು ಮೊರ ನಿಲ್ಲಿಸಿ ನನ್ನನ್ನು ನೋಡಿದಳು. "ನಿಂಗೇನಾಗಿತ್ತು, ಗುಂಡ್ಕಲ್ಲಂಗಿದ್ದೆ. ನಿನ್ ಕ್ಷೇಮ ಕೇಳಿ ಮಾದಪ್ಪನ್ಗೆ ಯಾಕ್ ಕಷ್ಟ ಕೊಟ್ಟಾಳು? ಮಗ್ಳಿಗೆ ಕಟ್ಟಿದ್ದು ಕಣಪ್ಪ. 'ನನ್ ಪುಟ್ಟಿ ಈ ಗಾಡೀಲಿ ಅವರಪ್ಪನ್ ಪಕ್ಕದಲ್ಲಿ ಕುಂತ್ಕಂಡು ಮನೆಗ್ ಬರ್ಲಿ, ಬಂದ್ ದಿನ ಅವ್ಳ ಕೈಲೇ ಬಿಚ್ಚಿಸಿ ಬೆಟ್ಟಕ್ ಒಪ್ಪಿಸ್ತೀನಿ' ಅಂತ. ಅಮಾಸೆಗೊಂದ್ ಸುತ್ತು ದಾರ ಬಿಗೀತಿದ್ಲು. ಸಡ್ಲ ಬುಟ್ರೆ ಅರಕೆ ಸಡ್ಲಾಯ್ತದೆ ಅಂತ. ಅವ್ಳಿರೋ ಮಾಂಬಳ್ಳಿ ಎಷ್ಟ್ ದೂರ ಅದೆ ನಂಜಪ್ಪ? ಕೂಗುದ್ರೆ ಕೇಳಿಸ್ತದೆ. ನೀನು ಯಳಂದೂರಿಗೆ ಓಗ್ಬೇಕಾದ್ರೆ ಆ ಊರ್ ಮುಂದೇ ತಾನೆ ಓಯ್ತಿದ್ದದ್ದು? ಎಡಕ್ ಬಲಕ್ ನೋಡ್ದಂಗೆ."

ನೋಡುತ್ತಿದ್ದೆ. ನಿನಗೆ ಹೇಳುತ್ತೇನೆ, ದೊಡ್ಡವ್ವನಿಗೆ ಹೇಳಲಿಲ್ಲ. ಊರ ಮುಂದೆ ಗಾಡಿ ನಿಧಾನ ಮಾಡುತ್ತಿದ್ದೆ. ಒಂದು ಸಲ ನೀನು ಹಸಿರು ಸೀರೆಯಲ್ಲಿ ಕೊಡ ಹೊತ್ತು ಹೋಗುತ್ತಿದ್ದೆ. ಗಾಡಿಯ ಶಬ್ದ ಕೇಳಿ ನೀನು ತಿರುಗಿದೆ. ನಾನು ಜೋರು ಮಾಡಿಕೊಂಡು ಹೋದೆ.

ನನ್ನ ತಂಗಿಯ ಮಗನಿಗೆ ನಿನ್ನನ್ನು ಕೊಡುವುದೆಂದು ಎಲೆ ಅಡಿಕೆ ಬದಲಾಯಿಸಿ ಆಗಿತ್ತು. ನೀನು ಒಲ್ಲೆ ಎಂದೆ, ಮೇಷ್ಟ್ರನ್ನು ಮದುವೆಯಾದೆ. ತಂಗಿ ನನ್ನ ಮನೆಯ ನೀರು ಮುಟ್ಟಲಿಲ್ಲ. ಅದಕ್ಕೆ ನಾನು ನಿನಗೆ ಹೇಳಿದ್ದು 'ನಾನ್ ಇರೋಗಂಟ ಈ ಒಸ್ಲು ತುಳೀಬ್ಯಾಡ' ಎಂದು. ಮರೆತಿರುವೆಯೆಂದು ಬರೆಯಲಿಲ್ಲ. ಬರೆದಾಗ ಹೇಗೆ ಕಾಣುತ್ತದೋ ನಾನು ನೋಡಬೇಕಾಗಿತ್ತು. ಆ ನನ್ನ ತಂಗಿಯ ಮಗ ಈಗ ಭದ್ರಾವತಿಯಲ್ಲಿ ಮದುವೆಯಾಗಿ ಮೂರು ಮಕ್ಕಳ ತಂದೆ. ಅವನಿಗೆ ಇದು ಯಾವುದೂ ನೆನಪಿಲ್ಲ. ಮಾತು ಹಿಡಿದುಕೊಂಡು ಕೂತವನು ನಾನೊಬ್ಬನೇ.

ಇವತ್ತು ಬೆಳಿಗ್ಗೆ ಚಿನ್ನಸ್ವಾಮಿಗೆ ಇದನ್ನೆಲ್ಲ ಹೇಳಲಿಲ್ಲ, "ನಾನು ಬಿಚ್ಚೋ ಹಾಗಿಲ್ಲ" ಎಂದಷ್ಟೇ ಹೇಳಿದೆ. ಅವನು ತಲೆ ಕೆರೆದುಕೊಂಡು ಎರಡು ಬೀಡಿ ಮುಗಿಸಿದ.

"ಅಂಗಾರೆ ಗಂಟ್ ಬಿಚ್ಚಾದ್ ಬ್ಯಾಡ ಸಾ. ಪೈಪನ್ನೇ ಕೂಯ್ದು ಗಂಟಿನ್ ಸಮೇತ ತಕ್ಕಂಡು ಗಾಡಿ ಒಳ್ಗಡೆನೇ ಇಡ್ಮ. ಮಾದಪ್ಪನ್ಗೆ ಏನ್ ತೊಂದ್ರೆ? ಗಂಟು ಗಂಟಾಗೇ ಇರ್ತದೆ, ಗಾಡೀಲೇ ಇರ್ತದೆ."

ಪೈಪಿನ ಎರಡು ತುದಿಯೂ ಕಬ್ಬಿಣಕ್ಕೆ ಕಚ್ಚಿ ಕಲ್ಲಾಗಿದ್ದವು. ಚಾಕುವಿನಲ್ಲಿ ಒಂದು ಗೇಣು ಕೊಯ್ದು ತೆಗೆದು ನನ್ನ ಅಂಗೈಯಲ್ಲಿಟ್ಟ. ಕೊಯ್ದ ತುದಿಯಿಂದ ಬೆಳಕಿಗೆ ಹಿಡಿದು ನೋಡಿದೆ. ಎಳೆಗರುವಿಗೆ ಕಟ್ಟಿದ ಹಗ್ಗ ಕರು ಬೆಳೆದ ಮೇಲೆ ಕೊರಳಿಗೆ ಇಳಿಯುತ್ತದಲ್ಲ, ಹಾಗೆ ದಾರ ರಬ್ಬರಿನೊಳಕ್ಕೆ ಇಳಿದಿತ್ತು. ಒಳಗಿನಿಂದ ಸುತ್ತಲೂ ಬಿರುಕು. ಅವಳು ಬಿಗಿದದ್ದನ್ನು ಪೈಪು ಆರು ವರ್ಷ ತಡೆದುಕೊಂಡಿದೆ.

ಹೊಸ ಪೈಪು ಹಾಕಿದೆವು. ಎಂಜಿನ್ನು ಸಮನಾಗಿ ಓಡಿತು. ಆ 'ಸ್ಸ್' ಶಬ್ದ ಇಲ್ಲ. ಚಿನ್ನಸ್ವಾಮಿ ವೈಪರ್ ತಿರುಗಿಸಿದ. ಮಳೆಯಿಲ್ಲದ ಗಾಜಿನ ಮೇಲೆ ಅದು ಆ ಕಡೆ ಈ ಕಡೆ ಸರಾಗವಾಗಿ ಹೋಗಿ ಬಂತು. ಅವನು ಮಗುವಿನ ಹಾಗೆ ನಕ್ಕು, "ಟಾಟಾ ಮಾಡ್ತಾ ಅದೆ ನೋಡಿ ಸಾ" ಎಂದ. ನಾನು ಆ ಕಡೆ ತಿರುಗಿಕೊಂಡೆ.

ಕೊಯ್ದ ತುಂಡು ಮುಡಿಪಿನ ಸಮೇತ ಗಾಡಿಯಲ್ಲಿ ಸೀಟಿನ ಮುಂದೆ ಸಾಮಾನಿಡುವ ಗೂಡಿನಲ್ಲಿದೆ. ನಾನು ಬಿಚ್ಚುವುದಿಲ್ಲ. ಬಿಚ್ಚುವ ಕೈ ಯಾವುದೆಂದು ಅವಳೇ ಹೇಳಿ ಹೋಗಿದ್ದಾಳೆ.

ಬಾ ಎಂದು ಕರೆಯುವ ಹಕ್ಕು ನನಗಿದೆಯೆಂದು ನಾನು ತಿಳಿದಿಲ್ಲ. ಬಾರದಿರುವ ಹಕ್ಕು ನಿನಗಿದೆ. ಆದರೆ ಹೊಸಲಿನ ಮಾತು ಇವತ್ತಿಗೆ ಮುಗಿಯಿತು. ಷಡಕ್ಷರಿ ಮೇಷ್ಟ್ರಿಗೆ ನನ್ನ ಶರಣು ತಿಳಿಸು. ಆರು ವರ್ಷದಲ್ಲಿ ಅವರು ನನ್ನ ಬಗ್ಗೆ ಯಾರ ಮುಂದೆಯೂ ಒಂದು ಕೆಟ್ಟ ಮಾತು ಆಡಲಿಲ್ಲವೆಂದು ಮಾಂಬಳ್ಳಿಯ ರೈತರೇ ಹೇಳುತ್ತಾರೆ. ಮಗುವಿನ ತಲೆಯ ಮೇಲೆ ನನ್ನ ಪರವಾಗಿ ಕೈ ಇಡು. ಮಾದಪ್ಪ ನಿಮ್ಮ ಮೂವರನ್ನೂ ನೆರಳಾಗಿ ಕಾಯಲಿ. ನಿನ್ನ ಮನೆಯ ಒಲೆ ಎಂದೂ ಆರದಿರಲಿ.

ಇಂತಿ ನಿನ್ನ ತಂದೆ,
ಕೆಂಪನಂಜಪ್ಪ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಬಿಟ್ಟು ಕಳಿಸಿದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಮಣ್ಣು ಮಾಡಿದ ದಿನ ನೀನು ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದೆ. "ಅಪ್ಪ, ಅವ್ವ ನನ್ನ ಕೇಳ್ನಿಲ್ವಾ?" ಎಂದು. "ಇಲ್ಲ, ಮಾತೇ ನಿಂತೋಗಿತ್ತು" ಎಂದೆ. ನೀನು ತಲೆಯಾಡಿಸಿ ಹೋದೆ. ನೀನು ಬೆನ್ನು ತಿರುಗಿಸಿ ಹೋದ ರೀತಿ ನನಗೆ ದಿನವೂ ಕಾಣುತ್ತದೆ.

ಕೇಳಿದಳು, ಪುಟ್ಟಿ. ಮೂರು ಸಲ ಕೇಳಿದಳು. ದೀಪಾವಳಿ ಕಳೆದ ಮೂರನೇ ದಿನ, ಗುರುವಾರ ಮಧ್ಯಾಹ್ನ. "ಪುಟ್ಟೀನ ಕರ್ಕಂಡ್ ಬನ್ನಿ. ಅವ್ಳು ಈ ಮನೆಗೆ ಬರಾದ್ ಬ್ಯಾಡ ಅಂದ್ರೆ ನನ್ನೇ ಗಾಡೀಲ್ ಮಲಗಿಸ್ಕಂಡ್ ಓಗಿ, ಊರ್ ಮುಂದೆ ನಿಲ್ಸಿ ಸಾಕು" ಎಂದಳು. ನಾನು, "ಗಾಡಿ ಕೆಟ್ಟದೆ, ಗಾಳಿ ಎಳೀತಾ ಇಲ್ಲ, ಮಾಂಬಳ್ಳಿ ಗಂಟ ಓಗಾಕಿಲ್ಲ" ಎಂದೆ. ಬಸ್ಸಿನಲ್ಲಿ ಹೋಗಿ ಕರೆತರಬಹುದಾಗಿತ್ತು. ಅವಳು ಅದನ್ನೂ ಹೇಳಲಿಲ್ಲ. "ಕೆಟ್ಟಿದ್ರೆ ಬುಡಿ. ಪಾಪ, ಅದಾದ್ರೂ ಏನ್ ಮಾಡ್ತದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಶುಕ್ರವಾರ ಬೆಳಗಿನ ಜಾವ ಹೋದಳು.

ನಾನು ದಿನಚರಿ ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯುವುದು ನಿನಗೆ ಗೊತ್ತು. ಚಿಕ್ಕವಳಿದ್ದಾಗ ಕದ್ದು ಓದಿ, 'ಅಪ್ಪ ಬರೀ ಎತ್ತು, ಗೂಡು, ಮಳೆ ಅಂತ ಬರ್ದವ್ನೆ' ಎಂದು ನಗುತ್ತಿದ್ದೆ. ಆ ಗುರುವಾರದ ಹಾಳೆಯನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ:

'೨೪-೧೦-೬೮. ಬೆಳಿಗ್ಗೆ ಹನೂರಿಗೆ ಹೋಗಿ ಹನ್ನೊಂದಕ್ಕೆ ಬಂದೆ. ಆರು ಮಂಕರಿ ಗೂಡು. ಗಾಡಿ ಚೆನ್ನಾಗಿ ಓಡಿತು. ಬಸಮ್ಮನಿಗೆ ಜ್ವರ ಇಳಿದಿಲ್ಲ.'

ಅವಳು ಮಲಗಿದ್ದ ಕೋಣೆಯ ಕಿಟಕಿಯ ಕೆಳಗೇ ಗಾಡಿ ನಿಲ್ಲಿಸಿದ್ದೆ. ಹನ್ನೊಂದು ಗಂಟೆಗೆ ಅದು ಬಂದ ಶಬ್ದ ಅವಳಿಗೆ ಕೇಳಿರಲೇಬೇಕು.

ಚಿನ್ನಸ್ವಾಮಿ ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಯಳಂದೂರಿಗೆ ಹೋಗುತ್ತಾನೆ, ದಾರಿಯಲ್ಲಿ ಇಳಿದು ಈ ಕಾಗದ ನಿನ್ನ ಕೈಗೆ ಕೊಡುತ್ತಾನೆ. ನಾಳೆ ಅಮಾವಾಸ್ಯೆ. ಯಾರ ಲೋಡೂ ಒಪ್ಪಿಕೊಂಡಿಲ್ಲ, ಅವನು ನಿನ್ನ ಮಾತು ತರುವ ತನಕ ಗಾಡಿ ಮನೆಯ ಮುಂದೆ ಇರುತ್ತದೆ.